ಹೆಡ್‌ಫೋನಿನೊಳಗಿನ ಯಮುನಾ ಟೀಚರ್

ಕಳೆದ ತಿಂಗಳು ಕಿವಿ ಪರೀಕ್ಷೆಗೆಂದು ಎರ್ನಾಕುಲಂನ ಕಡವಂತ್ರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಎಡಗಿವಿಯಲ್ಲಿ ಶುರುವಾದ ಗುಂಯ್ ಎಂಬ ಸದ್ದು ಬಿಡುವ ಹಾಗೆ ಕಾಣಿಸುತ್ತಿರಲಿಲ್ಲ. ಅಲ್ಲಿಯ ಹುಡುಗಿ ನನ್ನನ್ನು ಪುಟ್ಟ ಕೋಣೆಯೊಂದರಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕೆಂದು ಹೇಳಿ ದಪ್ಪ ಬಾಗಿಲು ಮುಚ್ಚಿದಳು. ಗೋಡೆಗಳಿಗೆಲ್ಲ ಸ್ಪಂಜು ಹೊದಿಸಿದ್ದರು. ಮಳೆಗಾಲದ ತೇವ ಕುಡಿದ ಸ್ಪಂಜು, ಹಳೆಯ ಕಾರ್ಪೆಟ್, ಏಸಿಯ ತಣ್ಣನೆಯ ಗಾಳಿ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಎಲ್ಲಿ ಕೂತಿದ್ದೇನೆಂಬುದೇ ಮರೆತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಗಾಬರಿಯಿಂದ ಬಾಗಿಲು ತೆಗೆದು, “ಚೇಚೀ, ಒಂದು ಸದ್ದೂ ಕೇಳಿಸಲಿಲ್ಲವಾ?” ಎಂದು ಮಲಯಾಳದಲ್ಲಿ ಕೇಳಿದಳು. ಇಲ್ಲಿಯವರ ಚೇಚಿ ಎಂದರೆ ನಮ್ಮ ಅಕ್ಕ. ಕೇಳಿಸಿತ್ತು. ಆದರೆ ನಾನು ಕಾಯುತ್ತಿದ್ದದ್ದು ಬೇರೊಂದು ದನಿಗೆ.

ಮೂರು ವರ್ಷದ ಹಿಂದಿನ ಮಳೆಗಾಲವದು. ಆಗ ನಾನಿನ್ನೂ ಇಲ್ಲಿಯ ಕೋರ್ಟಿನ ಭಾಷಾಂತರ ವಿಭಾಗದಲ್ಲಿದ್ದೆ. ಕಾಸರಗೋಡಿನ ಕಡೆಯಿಂದ ಬರುವ ಕನ್ನಡದ ಕಾಗದಪತ್ರಗಳನ್ನು, ಪಾಲುಪಟ್ಟಿ, ಮರಣಶಾಸನ, ಬೇಲಿ ಜಗಳದ ಹೇಳಿಕೆಗಳನ್ನೆಲ್ಲ, ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಕಣ್ಣೆದುರು ದಿನವಿಡೀ ಕನ್ನಡ ಇರುತ್ತಿತ್ತು, ಕಿವಿಗೆ ಮಾತ್ರ ಬೀಳುತ್ತಿರಲಿಲ್ಲ. ನನ್ನವರು ತೀರಿಕೊಂಡ ಮೇಲೆ ಮನೆಯಲ್ಲಿ ಆ ಭಾಷೆಯಲ್ಲಿ ಮಾತಿಗೆ ಮಾತು ಕೊಡುವವರು ಇಲ್ಲವಾಗಿದ್ದರು. ಮಗ ನಿತಿನ್‌ಗೆ ಕೋಝಿಕ್ಕೋಡಿನಲ್ಲಿ ಉದ್ಯೋಗ. ಫೋನಿನಲ್ಲಿ ನಾನು “ಊಟ ಆಯ್ತಾ ಮಗಾ?” ಎಂದರೆ ಅವನು ಮಲಯಾಳದಲ್ಲಿ “ಕಳಿಚ್ಚು ಅಮ್ಮೇ”, ಉಂಡೆ ಅಮ್ಮಾ, ಎನ್ನುತ್ತಾನೆ. ಅವನದೇನೂ ತಪ್ಪಲ್ಲ. ಹುಟ್ಟಿದ್ದು, ಶಾಲೆಗೆ ಹೋದದ್ದು, ಜಗಳವಾಡಿದ್ದು, ಗೆಳೆಯರನ್ನು ಮಾಡಿಕೊಂಡದ್ದು ಎಲ್ಲ ಇಲ್ಲೇ. ಆದರೆ ಫೋನಿಟ್ಟ ಮೇಲೆ ನನ್ನ ಪ್ರಶ್ನೆ ಮಾತ್ರ ಮನೆಯಲ್ಲಿ ಒಂಟಿಯಾಗಿ ಉಳಿದುಬಿಡುತ್ತಿತ್ತು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಛತ್ರಿಯಿಂದ ನೀರು ತೊಟ್ಟಿಕ್ಕಿಸುತ್ತ ನೀತು ಎಂಬ ಮೂವತ್ತರ ಹುಡುಗಿ ನನ್ನನ್ನು ಹುಡುಕಿಕೊಂಡು ಕಚೇರಿಗೆ ಬಂದಳು. ಅಲುವಾದವಳು. ಸಿನೆಮಾ ಮಾಡುತ್ತಿದ್ದಳು. ಅವಳ ಮೊದಲ ಸಿನೆಮಾ. ಹಿಂದೆ ಯಾವ ಕಂಪೆನಿಯೂ ಇಲ್ಲ, ಸ್ನೇಹಿತರೇ ಸೇರಿ ಮಾಡಿದ್ದು. ಏಲೂರಿನ ಗೊಬ್ಬರದ ಕಾರ್ಖಾನೆಯ ಹತ್ತಿರದ ಕ್ವಾರ್ಟರ್ಸಿನಲ್ಲಿ ಮಗನ ಜೊತೆ ಇರುವ ಒಬ್ಬ ಮುದುಕಿಯ ಕತೆ. ಅವಳಿಗೆ ಬರುವುದು ಕನ್ನಡ ಮಾತ್ರ. ಸುತ್ತಲಿನವರಿಗೆ ಅದು ತಿಳಿಯದು. ಆ ಪಾತ್ರವನ್ನು ಮಾಡಿದ್ದು ಕಾಸರಗೋಡಿನ ಕಡೆಯ ಮುಳ್ಳೇರಿಯದ ಯಮುನಾ ಟೀಚರ್. ಶಾಲೆಯಿಂದ ನಿವೃತ್ತರಾಗಿ ಊರಿನ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದವರು. ಚಿತ್ರೀಕರಣವೇನೋ ಚೆನ್ನಾಗಿ ಮುಗಿದಿತ್ತು. ಆದರೆ ಕಾರ್ಖಾನೆಯ ಮೊರೆತದಲ್ಲಿ ಅವರ ಮಾತುಗಳು ಮುಳುಗಿಹೋಗಿದ್ದವು. ಸ್ಟುಡಿಯೋದಲ್ಲಿ ಕೂರಿಸಿ ಮತ್ತೆ ಮಾತಾಡಿಸಬೇಕೆಂದು ದಿನ ಗೊತ್ತುಮಾಡುವಷ್ಟರಲ್ಲಿ, ಟೀಚರ್ ಮನೆಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಕುಸಿದು ಬಿದ್ದು ತೀರಿಕೊಂಡರು.

“ಅವರ ಮಾತಿಗೆ ದನಿ ಕೊಡಲು ಅವರ ಊರಿನ ಕನ್ನಡವನ್ನೇ ಮಾತಾಡುವ ಹೆಂಗಸು ಬೇಕು. ನಿಮ್ಮ ಹೆಸರನ್ನು ಒಬ್ಬ ವಕೀಲರು ಹೇಳಿದರು,” ಎಂದಳು ನೀತು.

“ನಾನು ಶಾಲೆಯ ನಾಟಕದಲ್ಲೂ ಸೇರಿದವಳಲ್ಲಮ್ಮ. ನನ್ನಿಂದಾಗದು,” ಎಂದೆ.

ಅವಳು ವಾದ ಮಾಡಲಿಲ್ಲ. ಫೋನು ತೆಗೆದು ಒಂದು ತುಣುಕು ತೋರಿಸಿದಳು. ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ಬಿಳಿ ತಲೆಯ ಹೆಂಗಸೊಬ್ಬರು ಕೂತಿದ್ದರು. ಹಿಂದೆ ಹೊಗೆಯ ಕೊಳವೆ. ಹೆಂಗಸು ಯಾರನ್ನೂ ನೋಡದೆ, “ಯಾರಿಗೆ ಹೇಳುದು ನಾನು? ಗೋಡೆಗೆ ಹೇಳುದಾ?” ಎಂದರು. ಕಾರ್ಖಾನೆಯ ಸದ್ದಿನ ನಡುವೆ ಆ “ಹೇಳುದಾ” ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ನಾನು ಫೋನಿಗೆ ಕಿವಿ ಹಚ್ಚಿ ಮತ್ತೊಮ್ಮೆ ಹಾಕಿಸಿಕೊಂಡೆ. ನನ್ನ ಅಜ್ಜಿಯ ಬಾಯಿಯ ಕನ್ನಡ. ಮುಂದಿನ ಶನಿವಾರ ಬರುತ್ತೇನೆ ಎಂದುಬಿಟ್ಟೆ.

ಸ್ಟುಡಿಯೋ ಇದ್ದದ್ದು ಕಲೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಒಂದು ಬಿಡಿಭಾಗಗಳ ಅಂಗಡಿಯ ಮಹಡಿಯಲ್ಲಿ. ಸೌಂಡ್ ಎಂಜಿನಿಯರ್ ಬಿನು ಗಾಜಿನ ಆಚೆ, ನಾನು ಈಚೆ, ತೇವ ಕುಡಿದ ಸ್ಪಂಜಿನ ಗೋಡೆಗಳ ನಡುವೆ. ಮೊದಲು ಹೆಡ್‌ಫೋನಿನಲ್ಲಿ ಟೀಚರ ಅಸಲು ದನಿ ಬರುತ್ತಿತ್ತು. ಚಿತ್ರೀಕರಣದ ಹೊತ್ತಿಗೆ ಹಿಡಿದ ಆ ಗದ್ದಲದ ಧ್ವನಿಗೆ ಅವರು ಪೈಲಟ್ ಎನ್ನುತ್ತಿದ್ದರು. ಅದನ್ನು ಕೇಳಿ, ಪರದೆಯ ಮೇಲೆ ಟೀಚರ ತುಟಿ ತೆರೆದಾಗ ನಾನು ತೆರೆದು, ಮುಚ್ಚಿದಾಗ ಮುಚ್ಚಬೇಕು. ಮೊದಲ ದಿನ ಒಂದು ಮಾತೂ ಕೂಡಲಿಲ್ಲ. “ಒನ್ನೂಡೆ, ಚೇಚಿ,” ಎನ್ನುತ್ತಿದ್ದ ಬಿನು. ಇನ್ನೊಮ್ಮೆ. ಮತ್ತೆ ಇನ್ನೊಮ್ಮೆ. ಹೊರಗೆ ಮಳೆ ಜಡಿಯುತ್ತಿದ್ದರೂ ಒಳಗೆ ಕೇಳಿಸುತ್ತಿರಲಿಲ್ಲ. ಕೆಳಗಿಳಿದು ಬಂದಾಗಲೇ ಗಲ್ಲಿಯಲ್ಲಿ ಮೊಣಕಾಲವರೆಗೆ ನೀರು ನಿಂತದ್ದು ತಿಳಿಯುತ್ತಿತ್ತು.

ಬರುಬರುತ್ತ ಟೀಚರ ಉಸಿರು ನನಗೆ ಗೊತ್ತಾಗತೊಡಗಿತು. “ಅಲ್ಲ” ಎನ್ನುವ ಮೊದಲು ಅವರು ಸಣ್ಣದಾಗಿ ಮೂಗಿನಿಂದ ಗಾಳಿ ಬಿಡುತ್ತಿದ್ದರು. ಪ್ರಶ್ನೆ ಕೇಳುವಾಗ ಕೊನೆಯ ಅಕ್ಷರವನ್ನು ಮೇಲಕ್ಕೆತ್ತದೆ ಕೆಳಕ್ಕಿಳಿಸುತ್ತಿದ್ದರು, ಉತ್ತರ ಬಾರದೆಂದು ಮೊದಲೇ ಗೊತ್ತಿದ್ದವರ ಹಾಗೆ. ಅವರ ದನಿ ಒಡಕು, ನನ್ನದು ಮೆತ್ತಗೆ. ಒಡಕು ತರಲಿಕ್ಕೆ ನನ್ನಿಂದ ಆಗಲಿಲ್ಲ. “ಪರವಾಗಿಲ್ಲ, ರಾಗ ಸಿಕ್ಕಿದರೆ ಸಾಕು,” ಎಂದಳು ನೀತು. ರಾಗ ಸಿಕ್ಕಿತು.

ಪೈಲಟ್‌ನಲ್ಲಿ ಸಂಭಾಷಣೆ ಮಾತ್ರ ಇರಲಿಲ್ಲ. ಕ್ಯಾಮೆರಾ ಓಡುವ ಮೊದಲು, ನಿಂತ ಮೇಲೆ, ಮೈಕ್ ಹಾಗೇ ತೆರೆದಿರುತ್ತಿತ್ತು. ಆ ಬಿಡುವಿನಲ್ಲಿ ಟೀಚರ್ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. “ಈ ಸೆರಗು ಹೀಗೆ ಸಾಕಾ?” “ಅಬ್ಬ, ಎಂತ ಸೆಕೆ ಮಾರಾಯ್ರೇ.” ಸುತ್ತ ಇದ್ದವರೆಲ್ಲ ಮಲಯಾಳಿಗಳು, ಟೀಚರಿಗೆ ಮಲಯಾಳ ಬರುತ್ತಿದ್ದರೂ ದಣಿದಾಗ ನಾಲಗೆಗೆ ಕನ್ನಡವೇ ಬರುತ್ತಿತ್ತೇನೋ. ಯಾರೂ ಉತ್ತರಿಸುತ್ತಿರಲಿಲ್ಲ. ಒಂದು ಶನಿವಾರ ಹೆಡ್‌ಫೋನಿನಲ್ಲಿ, “ಇಲ್ಲಿ ಮಳೆ ಬರ್ಲಿಕ್ಕುಂಟಾ ಇವತ್ತು?” ಎಂದು ಕೇಳಿದರು. ನಾನು, “ಇಲ್ಲಿ ನಿನ್ನೆಯಿಂದ ಬಿಟ್ಟೇ ಇಲ್ಲ ಟೀಚರೇ,” ಎಂದುಬಿಟ್ಟೆ.

ಬಿನು ಗಾಜಿನಾಚೆಯಿಂದ ಕತ್ತೆತ್ತಿದ. “ಚೇಚೀ, ಆರೋಡಾ ವರ್ತಮಾನಂ?” ಯಾರ ಹತ್ತಿರ ಮಾತು?

“ಏನಿಲ್ಲ, ಗಂಟಲು ಸರಿಮಾಡಿಕೊಂಡೆ,” ಎಂದೆ.

ಆಮೇಲೆ ಅದು ಅಭ್ಯಾಸವಾಯಿತು. ಬಿನು ರೆಕಾರ್ಡಿಂಗಿನ ಗುಂಡಿ ಒತ್ತುವ ಮೊದಲಿನ ಆ ನಾಲ್ಕಾರು ಕ್ಷಣಗಳಲ್ಲಿ ಟೀಚರ್ ಏನಾದರೂ ಕೇಳಿದರೆ ನಾನು ಪಿಸುಮಾತಿನಲ್ಲಿ ಉತ್ತರ ಕೊಡುತ್ತಿದ್ದೆ. ವಾರವಿಡೀ ಅದಕ್ಕೆ ಕಾಯುತ್ತಿದ್ದೆ. ಆ ಮಳೆಗಾಲದಲ್ಲಿ ನಾನು ಬಾಯಿತುಂಬ ಕನ್ನಡ ಮಾತಾಡಿದ್ದು ಒಬ್ಬರ ಜೊತೆ ಮಾತ್ರ, ಅವರೂ ತೀರಿಹೋದವರು. ಹೇಳಿದರೆ ಯಾರಾದರೂ ನಕ್ಕಾರು. ನಾನು ಯಾರಿಗೂ ಹೇಳಲಿಲ್ಲ.

ಆಗಸ್ಟ್ ತಿಂಗಳಲ್ಲಿ ಕೆಲಸ ಮುಗಿಯಿತು. ನೀತು ನನ್ನನ್ನು ತಬ್ಬಿಕೊಂಡಳು, ಬಿನು ಒಂದು ಪ್ಯಾಕೆಟ್ ಹಲ್ವಾ ಕೊಟ್ಟ. ಮುಂದಿನ ಶನಿವಾರ ಬೆಳಿಗ್ಗೆ ನಾನು ರೂಢಿಯಲ್ಲಿ ಸೀರೆಯುಟ್ಟು ಬಸ್ಸು ಹತ್ತಿ ಕಲೂರಿನಲ್ಲಿ ಇಳಿದ ಮೇಲೆಯೇ ಅಲ್ಲಿ ನನಗೆ ಕೆಲಸವಿಲ್ಲ ಎನ್ನುವುದು ನೆನಪಾಯಿತು. ಬಿಡಿಭಾಗಗಳ ಅಂಗಡಿಯ ಸೂರಿನಡಿ ಸ್ವಲ್ಪ ಹೊತ್ತು ನಿಂತು, ಮಳೆ ಕಡಿಮೆಯಾದಾಗ ಹಿಂತಿರುಗಿದೆ.

ಡಿಸೆಂಬರಿನಲ್ಲಿ ನೀತುವಿನ ಕರೆ ಬಂತು. ತಿರುವನಂತಪುರದಲ್ಲಿ ನಡೆಯುವ ಒಂದು ಸಣ್ಣ ಸ್ವತಂತ್ರ ಚಿತ್ರೋತ್ಸವಕ್ಕೆ ಸಿನೆಮಾ ಆಯ್ಕೆಯಾಗಿತ್ತು. ದೊಡ್ಡ ನಟರಿಲ್ಲದ, ದೊಡ್ಡ ಹಣವಿಲ್ಲದ ಸಿನೆಮಾಗಳಿಗೇ ಮೀಸಲಾದ ಉತ್ಸವ. ಪ್ರಶಸ್ತಿಗಳೂ ಇದ್ದವು. “ಚೇಚಿ ಬರಲೇಬೇಕು,” ಎಂದಳು. ನಿತಿನ್‌ನನ್ನು ಕರೆದೆ. ಅವನು, “ಎನಿಕ್ಕು ಲೀವ್ ಇಲ್ಲಮ್ಮೇ,” ಎಂದ. ಒಬ್ಬಳೇ ಬೆಳಗಿನ ರೈಲು ಹತ್ತಿದೆ. ತಂಪಾನೂರಿನಲ್ಲಿ ಇಳಿದು ಆಟೋ ಹಿಡಿದು ಹೋದರೆ, ಸಭಾಂಗಣದ ಹೊರಗೆ ಬಟ್ಟೆಯ ಚೀಲ ಹೊತ್ತ ಹುಡುಗ ಹುಡುಗಿಯರು ಗುಂಪು ಗುಂಪಾಗಿ ನಿಂತು ಚಾಯ ಕುಡಿಯುತ್ತಿದ್ದರು. ನನ್ನ ಕುತ್ತಿಗೆಗೂ ಒಂದು ಗುರುತಿನ ಪಟ್ಟಿ ಬಿತ್ತು. ಆ ಗುಂಪಿನಲ್ಲಿ ನನ್ನ ವಯಸ್ಸಿನವರು ಯಾರೂ ಇರಲಿಲ್ಲ.

ಪ್ರದರ್ಶನಕ್ಕೆ ಮೊದಲು ನೀತು ವೇದಿಕೆ ಹತ್ತಿ, ಟೀಚರ ಮಗಳು, ಕಾಞಂಗಾಡಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಾಲಿನಿ, ಬಂದಿದ್ದಾರೆ ಎಂದಳು. ಮುಂದಿನ ಸಾಲಿನಲ್ಲಿ ಬೂದುಬಣ್ಣದ ಕಾಟನ್ ಸೀರೆಯ ಹೆಂಗಸು ಎದ್ದು ಕೈಮುಗಿದಳು. ನಾನು ಹಿಂದೆ ಗೋಡೆಯ ಬದಿಗೆ ಕೂತಿದ್ದೆ. ದೀಪ ಆರಿತು. ಪರದೆಯ ಮೇಲೆ ಏಲೂರಿನ ಹೊಗೆ, ಮೆಟ್ಟಿಲು, ಟೀಚರು. ಅವರು ತುಟಿ ತೆರೆದರು; ನನ್ನ ದನಿ ಬಂತು.

ಮುಂದಿನ ಸಾಲಿನಲ್ಲಿ ಮಾಲಿನಿ ಥಟ್ಟನೆ ತಲೆ ಎತ್ತಿದ್ದು ನನಗೆ ಕಾಣಿಸಿತು. ಅವಳು ನೀತುವಿನ ಕಡೆ ತಿರುಗಿದಳು, ಮತ್ತೆ ಪರದೆಯ ಕಡೆ ತಿರುಗಿದಳು. ಇನ್ನೆರಡು ದೃಶ್ಯ ಕೂತಿದ್ದು, ಎದ್ದು ಬಗ್ಗಿಕೊಂಡು ಹೊರಗೆ ನಡೆದಳು. ನಾನೂ ಎದ್ದು ಹೋದೆ. ಮೊಗಸಾಲೆಯ ಕಿಟಕಿಯ ಹತ್ತಿರ ಅವಳು ಸರಳು ಹಿಡಿದು ನಿಂತಿದ್ದಳು.

“ಎಂತ ಆಯ್ತು? ನೀರು ಬೇಕಾ?” ಎಂದೆ.

ಕನ್ನಡ ಕೇಳಿ ತಿರುಗಿದಳು. “ನೀವು ನಮ್ಮ ಕಡೆಯವರಾ?”

“ಹೌದು. ನೀರ್ಚಾಲು.”

“ಅದು ಅಮ್ಮನ ಸ್ವರ ಅಲ್ಲ,” ಎಂದಳು. “ನಾನು ಇಷ್ಟು ದೂರ ಬಂದದ್ದೇ ಅದಕ್ಕೆ. ಫೋಟೋ ಬೇಕಾದಷ್ಟು ಉಂಟು. ಸ್ವರ ಒಂದೂ ಇಲ್ಲ. ಅಮ್ಮ ಇರುವಾಗ ಅದನ್ನು ಹಿಡಿದಿಡ್ಬೇಕು ಅಂತ ಯಾರಿಗೆ ಹೊಳೀತದೆ? ಸಿನೆಮಾದಲ್ಲಿ ಆದ್ರೂ ಕೇಳ್ಬಹುದು ಅಂತ ಬಂದೆ. ಇದು ಯಾರದ್ದೋ.”

“ನನ್ನದು,” ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವಾ? ಅಮ್ಮನ ಬಾಯಿಯಲ್ಲಿ ನೀವು ಯಾಕೆ ಮಾತಾಡಿದ್ದು?” ಎಂದು ಕೇಳಿದಳು.

ಕಾರ್ಖಾನೆಯ ಸದ್ದು, ಹಾಳಾದ ಧ್ವನಿ, ಸಿನೆಮಾದವರ ರೂಢಿ ಎಂದು ಕೊಡಬೇಕಾದ ಉತ್ತರವೆಲ್ಲ ನನಗೆ ಗೊತ್ತಿತ್ತು. ಅವಳು ಮುಖ ತಿರುಗಿಸಿ ಮೆಟ್ಟಿಲಿಳಿದು ಹೋದಳು. ಒಳಗೆ ನನ್ನ ದನಿ ಇನ್ನೂ ಮಾತಾಡುತ್ತಲೇ ಇತ್ತು.

ಸಂಜೆ ಪ್ರಶಸ್ತಿ ಪ್ರದಾನ. ಮಾಲಿನಿ ಬರಲಾರಳೆಂದು ನಾನು ತಿಳಿದಿದ್ದೆ, ಆದರೆ ಬಂದಿದ್ದಳು. ಛಾಯಾಗ್ರಹಣಕ್ಕೆ, ಚಿತ್ರಕಥೆಗೆ, ಮೊದಲ ಸಿನೆಮಾಕ್ಕೆ ಎಂದು ಒಂದೊಂದಾಗಿ ಹೆಸರು ಕರೆದರು. ಪ್ರತಿ ಸಲವೂ ಒಂದು ಮೂಲೆಯಿಂದ ಹುಡುಗರ ಕೂಗು, ಶಿಳ್ಳೆ. ನೀತುವಿನ ಹೆಸರು ಬರಲೇ ಇಲ್ಲ. ಕೊನೆಗೆ ಅತ್ಯುತ್ತಮ ಅಭಿನಯದ ಪ್ರಶಸ್ತಿ ಯಮುನಾ ಟೀಚರಿಗೆ, ಮರಣೋತ್ತರವಾಗಿ, ಎಂದಾಗ ಸಭೆಯೆಲ್ಲ ಎದ್ದು ನಿಂತಿತು. ತೀರ್ಪುಗಾರರ ಮುಖ್ಯಸ್ಥರು ಒಬ್ಬ ವಯಸ್ಸಾದ ಸಂಕಲನಕಾರರು. ಅವರು ಮೈಕಿನ ಮುಂದೆ ನಿಧಾನವಾಗಿ, “ನಮಗೆ ಆ ಭಾಷೆ ತಿಳಿಯದು. ಆದರೆ ಆ ಸ್ವರ ತಿಳಿಯಿತು. ಒಂದು ಜನ್ಮದ ಒಂಟಿತನ ಆ ಸ್ವರದಲ್ಲಿತ್ತು,” ಎಂದರು.

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅಷ್ಟು ಜನರ ನಡುವೆ, ಗುರುತಿಲ್ಲದ ಒಬ್ಬರು ನನ್ನ ವಿಷಯವನ್ನು ಮೈಕಿನಲ್ಲಿ ಹೇಳಿಬಿಟ್ಟಿದ್ದರು. ಟೀಚರ ಹಾಗೆ ಮಾತಾಡಲಿಕ್ಕೆ ನಾನು ಕಷ್ಟಪಟ್ಟದ್ದು ರಾಗಕ್ಕೆ, ಉಸಿರಿಗೆ. ಆ ಒಂಟಿತನಕ್ಕೆ ನಾನು ಏನೂ ಕಷ್ಟಪಟ್ಟಿರಲಿಲ್ಲ. ಅದು ನನ್ನಲ್ಲಿದೆಯೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮಾಲಿನಿ ವೇದಿಕೆ ಹತ್ತಿದಳು. ಮರದ ಪೀಠದ ಮೇಲಿನ ಹಿತ್ತಾಳೆಯ ಸ್ಮರಣಿಕೆಯನ್ನು ಕೈಗೆ ಕೊಟ್ಟರು. ಎರಡು ಮಾತು ಹೇಳಿ ಎಂದರು. ಅವಳು ಮಲಯಾಳದಲ್ಲಿ, ಲ್ಯಾಬಿನಲ್ಲಿ ಕೆಲಸ ಮಾಡುವವರ ಅಳತೆಯ ದನಿಯಲ್ಲಿ ಹೇಳಿದಳು: “ಅಮ್ಮನ ಮುಖಕ್ಕೆ ಇದು ಸಿಕ್ಕಿತು, ಸಂತೋಷ. ಆದರೆ ನೀವು ಹೊಗಳಿದ ಸ್ವರ ಅಮ್ಮನದಲ್ಲ. ಅಮ್ಮನ ಸ್ವರ ಒಡಕು. ಮಕ್ಕಳಿಗೆ ಪಾಠ ಹೇಳಿ ಹೇಳಿ ಒಡೆದದ್ದು. ಅದನ್ನು ಇಲ್ಲಿ ಯಾರೂ ಕೇಳಿಲ್ಲ.” ಸ್ಮರಣಿಕೆಯನ್ನು ಮೇಜಿನ ಮೇಲಿಟ್ಟು ಇಳಿದು, ನಡುವಿನ ದಾರಿಯಲ್ಲಿ ನೇರ ಹೊರಗೆ ಹೋದಳು. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಶುರುವಾಗಿ ನಿಂತುಹೋಯಿತು.

ಆಮೇಲೆ ನೀತು ನನ್ನ ಪಕ್ಕದಲ್ಲಿ ಬಂದು ಕೂತು ಅತ್ತಳು. “ನಾನು ಮೋಸ ಮಾಡಿಲ್ಲ ಚೇಚೀ. ಕೊನೆಯಲ್ಲಿ ನಿಮ್ಮ ಹೆಸರು ಹಾಕಿದ್ದೇನೆ. ಸಿನೆಮಾದಲ್ಲಿ ಇದೆಲ್ಲ ಇದ್ದದ್ದೇ, ಮಾಲಿನಿಗೆ ಗೊತ್ತಿರುತ್ತದೆ ಅಂದುಕೊಂಡೆ.” ಸ್ಮರಣಿಕೆಯನ್ನು ನನ್ನ ಕೈಗಿತ್ತಳು. “ಇದನ್ನು ಅವರಿಗೆ ಮುಟ್ಟಿಸಿ. ನನ್ನ ಫೋನು ಅವರು ಎತ್ತುವುದಿಲ್ಲ. ನೀವು ಕನ್ನಡದಲ್ಲಿ ಹೇಳಿದರೆ ಕೇಳಬಹುದು.”

ಮರುದಿನ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎದುರಿಗೆ ಕೂತ ಹೆಂಗಸು ಕುತೂಹಲದಿಂದ, ಬಹುಮಾನ ಯಾರಿಗೆ ಎಂದು ಕೇಳಿದಳು. “ನನ್ನ ಗೆಳತಿಗೆ,” ಎಂದೆ. ಟೀಚರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಮನೆಗೆ ಬಂದು ಅದನ್ನು ಊಟದ ಮೇಜಿನ ಮೇಲಿಟ್ಟಾಗ ಪೈಲಟ್ ನೆನಪಾಯಿತು. ಟೀಚರ ಒಡಕು ದನಿ, ಮೊರೆತದ ನಡುವೆಯಾದರೂ, ಇನ್ನೂ ಕಲೂರಿನಲ್ಲಿತ್ತು! ಬಿನುವಿಗೆ ಫೋನು ಮಾಡಿದೆ. “ಆ ಡಿಸ್ಕನ್ನು ಖಾಲಿ ಮಾಡಬೇಕು ಚೇಚೀ, ಹೊಸ ಸಿನೆಮಾ ಬಂದಿದೆ. ಪೈಲಟನ್ನು ಯಾರು ಇಟ್ಟುಕೊಳ್ಳುತ್ತಾರೆ?” ಎಂದ. ಮುಟ್ಟಬೇಡ ಎಂದು ಹೇಳಿ ಕಚೇರಿಗೆ ರಜೆ ಹಾಕಿ ಓಡಿದೆ. ನಾನು ಎದುರಿಗೆ ಕೂತ ಮೇಲೆ ಅವನು ಗೊಣಗುತ್ತಲೇ ಟೀಚರ ಭಾಗವನ್ನೆಲ್ಲ, ಬಿಡುವಿನ ಮಾತುಗಳ ಸಮೇತ, ಮಾಲಿನಿಗೆಂದು ಒಂದು ಪೆನ್‌ಡ್ರೈವಿಗೆ ಇಳಿಸಿದ.

ಆ ಸಂಜೆ ಮಾಲಿನಿಗೆ ಫೋನು ಮಾಡಿದೆ. “ಹಲೋ, ಮಾಲಿನಿಯಾ? ಊಟ ಆಯ್ತಾ?” ಎಂದೆ. ಆಚೆ ಏನೋ ಬಿದ್ದ ಸದ್ದಾಗಿ ಕರೆ ಕಡಿಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಕೆಲವು ದಿನ ಬಿಟ್ಟು ಮಾಡಿದಾಗ, “ಹೇಳಿ,” ಎಂದಳು. “ಅಮ್ಮನ ಸ್ವರ ಉಂಟು,” ಎಂದೆ. ಎಲ್ಲಿ ಎಂದು ಕೇಳಿದ್ದಕ್ಕೆ ಕಲೂರಿನ ಸ್ಟುಡಿಯೋದ ವಿಷಯ ಹೇಳಿದೆ. ಕೊನೆಗೆ, “ಬರ್ತೇನೆ,” ಎಂದಳು.

ಜನವರಿಯ ಒಂದು ಶನಿವಾರ ಬಂದಳು. ಬಿನು ಅವಳನ್ನು ನಾನು ಕೂರುತ್ತಿದ್ದ ಜಾಗದಲ್ಲೇ ಕೂರಿಸಿ ಹೆಡ್‌ಫೋನ್ ಹಾಕಿದ. ನಮ್ಮ ಕಡೆಯ ಸ್ಪೀಕರನ್ನು ಅವನಾಗಿಯೇ ಆರಿಸಿದ. ಹಾಗಾಗಿ ಅವಳು ಏನು ಕೇಳುತ್ತಿದ್ದಳೆಂದು ನಮಗೆ ತಿಳಿಯಲಿಲ್ಲ, ಗಾಜಿನಾಚೆ ಕಾಣುತ್ತಿತ್ತಷ್ಟೆ. ಮೊದಲು ನೆಟ್ಟಗೆ ಕೂತಿದ್ದಳು. ಆಮೇಲೆ ಒಮ್ಮೆ ನಕ್ಕಳು, ಟೀಚರ್ ಸಂಭಾಷಣೆ ಮರೆತು ತಮ್ಮನ್ನೇ ಬೈದುಕೊಂಡ ಜಾಗವಿರಬೇಕು. ಮತ್ತೆ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಮೇಜಿನ ಮೇಲೆ ತಲೆಯಿಟ್ಟಳು. ಬಾಗಿಲಲ್ಲಿ ಬೇರೆಯವರು ಕಾಯುತ್ತಿದ್ದರು. ಬಿನು ಅವರನ್ನು ಚಾಯಕ್ಕೆ ಕಳಿಸಿದ.

ಕೆಳಗಿಳಿದು ಒಂದು ಹೋಟೆಲಿನಲ್ಲಿ ಪುಟ್ಟು, ಕಡಲೆ ತಿಂದೆವು. ಅವಳು ಮಾತಾಡಿದಳು, ಎಷ್ಟೊಂದು ಮಾತಾಡಿದಳು! ಟೀಚರ್ ಬೈಯುತ್ತಿದ್ದ ರೀತಿ, ನಾಟಕದ ಹುಚ್ಚು, ಸಿನೆಮಾಕ್ಕೆ ಹೊರಟ ದಿನದ ಸಂಭ್ರಮ. “ಪದ್ಮಕ್ಕಾ” ಎಂದು ಕರೆದಳು. ಎದುರಿಗೆ ಕೂತವರ ಬಾಯಿಂದ ನನ್ನ ಹೆಸರಿಗೆ “ಅಕ್ಕ” ಸೇರಿದ್ದು ಕೇಳಿ ವರ್ಷಗಳೇ ಆಗಿದ್ದವು. ಇನ್ನು ಭಾನುವಾರ ಭಾನುವಾರ ಇವಳಿಗೊಂದು ಫೋನು ಮಾಡಬಹುದು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಸ್ಟೇಷನ್ನಿನಲ್ಲಿ ಸ್ಮರಣಿಕೆಯನ್ನು ಅವಳ ಚೀಲದಲ್ಲಿಟ್ಟೆ. ಈ ಸಲ ಬೇಡವೆನ್ನಲಿಲ್ಲ. ರೈಲು ಬರುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಳು.

“ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನೀವು ಸಿನೆಮಾದಲ್ಲಿ ಅಮ್ಮ ಆಗ್ಲಿಲ್ಲ. ಫೋನಿನಲ್ಲಿ ಆದ್ರಿ.”

ನನಗೆ ಅರ್ಥವಾಗಲಿಲ್ಲ.

“ಆವತ್ತು ‘ಊಟ ಆಯ್ತಾ’ ಅಂತ ಕೇಳಿದ್ರಲ್ಲ, ಅಮ್ಮ ಕೇಳುದೇ ಹಾಗೆ. ಕೊನೆಯ ಅಕ್ಷರ ಹಾಗೇ ಕೆಳಗೆ ಬಿಡುದು. ಫೋನು ಕೈಯಿಂದ ಬಿತ್ತು ನನಗೆ. ಹೀಗೆ ಎದುರು ಕೂತ್ರೆ ಏನಿಲ್ಲ, ನಿಮ್ಮ ಮುಖ ಕಾಣ್ತದೆ. ಬರೀ ಸ್ವರ ಬಂದ್ರೆ ನನ್ನ ಹತ್ರ ತಡ್ಕೊಳ್ಳಿಕ್ಕೆ ಆಗುದಿಲ್ಲ. ಇನ್ನು ಫೋನ್ ಮಾಡ್ಬೇಡಿ ಪದ್ಮಕ್ಕಾ. ಆಗದಾ?”

“ಮಾಡುದಿಲ್ಲ,” ಎಂದೆ. ನಾನು ಹೇಳಿದ್ದು ಕೇಳಿ ಅವಳು ಕಣ್ಣುಮುಚ್ಚಿದಳು. ಅದೂ ಟೀಚರ ಹಾಗೆಯೇ ಇತ್ತೇನೋ.

ಮನೆಗೆ ಬಂದು ನನ್ನ ಹಳೆಯ ಮಾತಿನ ರೀತಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅದನ್ನು ಬಲ್ಲವರು ಈಗ ಯಾರೂ ಇಲ್ಲ. ನಿತಿನ್‌ನನ್ನು ಕೇಳಿದರೆ, “ಅಮ್ಮ ಯಾವತ್ತೂ ಹೀಗೇ ಅಲ್ವಾ ಮಾತಾಡೋದು?” ಎಂದು ಮಲಯಾಳದಲ್ಲಿ ನಕ್ಕ.

ನಾನು ಮಾಲಿನಿಗೆ ಕೊಟ್ಟ ಮಾತು ತಪ್ಪಿಲ್ಲ. ಆಗೀಗ ಅವಳ ಮೆಸೇಜು ಬರುತ್ತದೆ: “ಪದ್ಮಕ್ಕಾ, ಹುಷಾರಿದ್ದೀರಾ?” ನಾನು ಚಷ್ಮಾ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತುತ್ತೇನೆ: “ಹುಷಾರಿದ್ದೇನೆ. ನೀನು?” ಕಳಿಸುವ ಮೊದಲು ಅಡಿಗೆಮನೆಯಲ್ಲಿ ನಿಂತು ಅದನ್ನೊಮ್ಮೆ ಗಟ್ಟಿಯಾಗಿ ಹೇಳಿ, ಆಮೇಲೆ ಕಳಿಸುತ್ತೇನೆ.